ಎರಡಕ್ಷರಕ್ಕೆ ಹನ್ನೆರಡು ಪ್ರಶ್ನಾರ್ಥಕ

ಓಪನ್‌ಸಿವಿ ಬಗ್ಗೆ ಒಂದು ತಕರಾರು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆಫೀಸಿನಲ್ಲಿ ದಿನಾ ಬಳಸುವ ಲೈಬ್ರರಿ, ಅನ್ನ ಕೊಟ್ಟಿದೆ, ಅದಕ್ಕೇ ಸುಮ್ಮನಿದ್ದೆ. ದಸರಾ ರಜೆಗೆ ಪೂರಿಗಾಲಿಗೆ ಹೋಗಿ ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರಿಗೆ ಚಿತ್ರ ನೋಡಿ ಅದರಲ್ಲೇನಿದೆ ಅಂತ ಗುರುತಿಸಲು ಬೇಕಾದ ಸಲಕರಣೆಗಳ ಪೆಟ್ಟಿಗೆ ಈ ಓಪನ್‌ಸಿವಿ. 1999ರಲ್ಲಿ ಇಂಟೆಲ್‌ನಲ್ಲಿ ಗ್ಯಾರಿ ಬ್ರಾಡ್‌ಸ್ಕಿ ಶುರು ಮಾಡಿದ್ದು. ಇವತ್ತು ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಕಾಸು ಕೊಡಬೇಕಿಲ್ಲ.

ನಮ್ಮನೇಲಿ ರೇಷ್ಮೆ ಸಾಕ್ತಾರೆ. ಅಕ್ಕನ ಮಗ ಡಿಪ್ಲೊಮಾ ಕೊನೇ ವರ್ಷ. ಚಂದ್ರಿಕೆಯ ಫೋಟೋ ಹೊಡೆದು ಅದರಲ್ಲಿ ಎಷ್ಟು ಗೂಡಿದೆ ಅಂತ ಎಣಿಸೋದು ಅವನ ಪ್ರಾಜೆಕ್ಟು. ಮನೇಲಿರುವುದು ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್, 4 ಜಿಬಿ ರ್‍ಯಾಮ್, ಉಬುಂಟು. ಇಂಟರ್‌ನೆಟ್ಟು ಮೊಬೈಲ್ ಹಾಟ್‌ಸ್ಪಾಟಿನಿಂದ. ಸಿದ್ಧ ಪ್ಯಾಕೇಜನ್ನು ಪಿಪ್‌ನಲ್ಲಿ ಇಳಿಸಿಕೊಂಡು ಸಂಜೆಯೊಳಗೆ ಎಣಿಕೆ ಒಂದು ಹದಕ್ಕೆ ತಂದ. ಉತ್ತರವನ್ನು ಫೋಟೋ ಮೇಲೇ ಕನ್ನಡದಲ್ಲಿ ಬರೆಸೋಣ, ಅವ್ವ ಓದಲಿ ಅಂದೆ. ಬಂದಿದ್ದು ಇದು: ????????????: 186.

ಅವ್ವ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. "ಏನ್ಲಾ ಇದು, ನಾನು ಕೇಳಿದ್ರೆ ಅದು ನನ್ನೇ ಕೇಳ್ತದಲ್ಲ!"

'ಗೂಡು' ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿನಲ್ಲಿ ಗ, ಊಕಾರದ ಕೊಂಬು, ಡ, ಉಕಾರದ ಕೊಂಬು ಅಂತ ನಾಲ್ಕು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 12. ಚಿತ್ರದ ಮೇಲೆ ಬರೆಯುವ ಪುಟ್‌ಟೆಕ್ಸ್ಟ್ ಅನ್ನೋ ಫಂಕ್ಷನ್ನು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡು 12 ಪ್ರಶ್ನಾರ್ಥಕ ಹಾಕಿದೆ. ಇದು ಬಗ್ ಅಲ್ಲ. ಬರೆಯಲಾಗದ ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕ ಬರುತ್ತದೆ ಅಂತ ಅದರ ದಾಖಲೆಯಲ್ಲೇ ಇದೆ. ಅದು ಬಳಸುವ ಅಕ್ಷರಗಳು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಅಲೆನ್ ಹರ್ಶಿ 1967ರಲ್ಲಿ ಪ್ರಕಟಿಸಿದವು. ಹರ್ಶಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ, ಓಪನ್‌ಸಿವಿ ಹುಟ್ಟುವುದಕ್ಕೆ ಎಂಟು ವರ್ಷ ಮೊದಲು. ಕನ್ನಡ ತಡವಾಗಿ ಬಂತು ಅನ್ನುವ ನೆಪ ಇಲ್ಲಿ ನಡೆಯಲ್ಲ.

ದಾರಿ ಇಲ್ಲವೇ ಅಂದರೆ, ಇದೆ. ಕಾಂಟ್ರಿಬ್ ಅನ್ನೋ ಹೆಚ್ಚುವರಿ ಕೋಡಿನಲ್ಲಿ ಫ್ರೀಟೈಪ್ ಎಂಬ ಮಾಡ್ಯೂಲ್ ಇದೆ. ಅದು ಹಾರ್ಫ್‌ಬಜ್ ನೆರವಿನಿಂದ ಕೊಂಬು, ದೀರ್ಘಗಳನ್ನು ಜೋಡಿಸುತ್ತದೆ. ಪಿಪ್‌ನಿಂದ ಇಳಿಸಿದ ಪ್ಯಾಕೇಜಿನಲ್ಲಿ ಅದು ನಮಗೆ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಒಂದು ಸಾಲಿನ ಕಮಾಂಡು ಸಾಕು. ಕನ್ನಡದಲ್ಲಿ ಬರೆಯುವವನು ಇಡೀ ಲೈಬ್ರರಿಯನ್ನು ಮೂಲದಿಂದ ಕಟ್ಟಿಕೊಳ್ಳಬೇಕು. ನನ್ನ ತಕರಾರು ಶುರುವಾಗುವುದೇ ಇಲ್ಲಿ.

ಕಟ್ಟಲು ಕೂತೆವು. ಎರಡು ಕೋಡ್ ಗಂಟುಗಳನ್ನೂ ಒಂದೇ ಆವೃತ್ತಿಯದು ನೋಡಿ ಇಳಿಸಬೇಕು. ಸಿಮೇಕ್ ಓಡುವಾಗ ಕೇಳದೇ ಇನ್ನೂ ಕೆಲವು ಫೈಲುಗಳನ್ನು ಎಳೆದುಕೊಳ್ಳುತ್ತದೆ; ಹಾಟ್‌ಸ್ಪಾಟಿನ ಡೇಟಾ ಅಲ್ಲೇ ಕರಗಿತು. ಆಮೇಲೆ ಕಂಪೈಲ್. ಎಂಟು ಕೆಲಸ ಒಟ್ಟಿಗೆ ಅಂತ ಆಫೀಸಿನ ಅಭ್ಯಾಸದಲ್ಲಿ ನಾನೇ ಕೊಟ್ಟೆ. 4 ಜಿಬಿ ರ್‍ಯಾಮ್ ಉಸಿರು ಬಿಟ್ಟು, 'ಕಿಲ್ಡ್' ಅಂತ ಒಂದು ಪದ ತೋರಿಸಿ ನಿಂತಿತು. ಅದು ನನ್ನ ತಪ್ಪು. ಎರಡಕ್ಕೆ ಇಳಿಸಿ ಮತ್ತೆ ಹಚ್ಚಿದೆ. ನಡುವೆ ಕರೆಂಟು ಹೋಯಿತು. ಬಂದ ಮೇಲೆ ಮೇಕ್ ಮುಗಿದ ಫೈಲುಗಳನ್ನು ಬಿಟ್ಟು ಮುಂದಿನದಕ್ಕೆ ಹೋಯಿತು. ಹೊಗಳಬೇಕಾದ ಗುಣ ಅದು.

ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಪೈಥಾನ್ ತೆಗೆದು ನೋಡಿದರೆ ಫ್ರೀಟೈಪ್ ಇಲ್ಲ! "ಮಾವ, ಎಲ್ಲೂ ಎರರ್ ಬರ್ಲಿಲ್ವಲ್ಲ" ಅಂದ ಹುಡುಗ. ನಿಜ, ಬಂದಿರಲಿಲ್ಲ. ಸಿಮೇಕ್ ಕಾರಿಸಿದ ನೂರಾರು ಸಾಲುಗಳನ್ನು ಮೇಲಕ್ಕೆಳೆದು ಹುಡುಕಿದೆ. 'ಅನ್‌ಅವೈಲಬಲ್' ಅನ್ನೋ ಪಟ್ಟಿಯ ನಡುವೆ ಫ್ರೀಟೈಪ್ ತಣ್ಣಗೆ ಕೂತಿತ್ತು. ಫ್ರೀಟೈಪ್ ಮತ್ತು ಹಾರ್ಫ್‌ಬಜ್‌ನ ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನು ನಾವು ಮೊದಲೇ ಹಾಕಿರಲಿಲ್ಲ. ಬೇಕಾದ್ದು ಸಿಗದಿದ್ದರೆ ಕೂಗಬೇಕಾದ ಜಾಗದಲ್ಲಿ ಈ ವ್ಯವಸ್ಥೆ ಪಟ್ಟಿ ಬರೆದು ಸುಮ್ಮನಾಗುತ್ತದೆ. ಗೊತ್ತಿದ್ದವನಿಗೆ ಅದು ಸೌಜನ್ಯ, ಮೊದಲ ಸಲ ಕಟ್ಟುವವನಿಗೆ ಒಂದು ಇಡೀ ದಿನದ ದಂಡ. ಬೇಕಾದ ಮಾಡ್ಯೂಲ್ ಮಾತ್ರ ಕಟ್ಟಲು ಬಿಲ್ಡ್ ಲಿಸ್ಟ್ ಎಂಬ ಆಯ್ಕೆಯೂ ಇದೆ. ಅದನ್ನು ಬಳಸಿದ್ದರೆ ನಮ್ಮ ಹಳೇ ಡೆಸ್ಕ್‌ಟಾಪಿಗೆ ಇಷ್ಟು ಗೋಳಿರುತ್ತಿರಲಿಲ್ಲ. ಮೊದಲ ಪುಟದಲ್ಲಿ ಇರಬೇಕಾದ ಮಾತು ಅದು.

ಹಿತ್ತಲ ಬಾಗಿಲೂ ಇದೆ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಚಿತ್ರವನ್ನು ಪಿಲ್ಲೋಗೆ ಕೊಟ್ಟು, ಅಲ್ಲಿ ಕನ್ನಡ ಬರೆಸಿ, ವಾಪಸ್ ತರಬಹುದು. ಡಿಪ್ಲೊಮಾ ಪ್ರಾಜೆಕ್ಟಿಗೆ ಅಷ್ಟು ಸಾಕು, ನಾನೂ ಒಪ್ಪುತ್ತೇನೆ. ಆದರೆ ನಮ್ಮ ಭಾಷೆಗೆ ಯಾವಾಗಲೂ ಹಿತ್ತಲ ಬಾಗಿಲೇ ಯಾಕೆ?

ಬೈಗುಳ ಪೂರ್ತಿ ಅವರಿಗೇ ಕೊಟ್ಟರೆ ಮೋಸವಾಗುತ್ತದೆ. ಕೋಡ್ ತೆರೆದಿಟ್ಟಿದ್ದಾರೆ, ಫ್ರೀಟೈಪ್ ಮಾಡ್ಯೂಲನ್ನು ಯಾರೋ ಪುಣ್ಯಾತ್ಮರು ಬರೆದಿದ್ದಾರೆ. ನಾವೇನು ಮಾಡಿದ್ದೇವೆ? ಇದೇ ಲೈಬ್ರರಿಯನ್ನು ಬೆಂಗಳೂರಿನಲ್ಲಿ ನಾನು ಎಷ್ಟು ಸಲ ಕಟ್ಟಿದ್ದೇನೋ ಲೆಕ್ಕವಿಲ್ಲ. 'ಈ ಎರಡು ಪ್ಯಾಕೇಜು ಮೊದಲು ಹಾಕಿ, ಎರಡೇ ಕೆಲಸ ಒಟ್ಟಿಗೆ ಕೊಡಿ, ಅನ್‌ಅವೈಲಬಲ್ ಪಟ್ಟಿ ಓದದೇ ಕಂಪೈಲ್ ಹಚ್ಚಬೇಡಿ' ಅಂತ ಕನ್ನಡದಲ್ಲಿ ಮೂರು ಸಾಲು ಬರೆಯಲು ನನಗೆ ಈ ದಸರಾ ಬೇಕಾಯಿತು. ಎಷ್ಟು ಸಲ ಕಟ್ಟಿದರೂ ಆ ಪಟ್ಟಿಯಲ್ಲಿ ಫ್ರೀಟೈಪ್ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಫೀಸಿನಲ್ಲಿ ನಾನು ಚಿತ್ರದ ಮೇಲೆ ಕನ್ನಡ ಬರೆಸಿದವನೇ ಅಲ್ಲ.

ಮಾರನೇ ದಿನ ಪ್ಯಾಕೇಜು ಹಾಕಿ, ಬೇಕಾದಷ್ಟೇ ಕಟ್ಟಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ತೋರಿಸಿದೆವು. ಫೋಟೋ ಮೇಲೆ ಬಂತು: ಗೂಡು: 186.

ಅವ್ವ ಓದಿದಳು. ಆಮೇಲೆ ಚಂದ್ರಿಕೆ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. "ಇಲ್ಲಿ ಎರಡು ಗೂಡು ಒಂದಕ್ಕೊಂದು ಅಂಟ್ಕಂಡವೆ. ನಿನ್ ಯಂತ್ರ ಒಂದೇ ಅಂತ ಎಣಿಸೈತೆ. ತಪ್ಪು ಕಣ್ಲಾ."

ಲೆಕ್ಕ ನಿಜಕ್ಕೂ ತಪ್ಪಾಗಿತ್ತು. ಹಿಂದಿನ ದಿನ ಹನ್ನೆರಡು ಪ್ರಶ್ನಾರ್ಥಕ ನೋಡಿದಾಗ ಅವಳಿಗೆ ಎಣಿಕೆಯ ಬಗ್ಗೆ ಹೇಳಲು ಏನೂ ಇರಲಿಲ್ಲ. ಈಗ ಹುಡುಗ ಅದನ್ನೇ ಸರಿ ಮಾಡುತ್ತಾ ಕೂತಿದ್ದಾನೆ.