ಒಂಟಿ ಕೈಯ ಪಿಳ್ಳಂಗೋವಿ

ಮೈಸೂರಿನ ಹವ್ಯಾಸಿ ಕೊಳಲುಗಾರರು ಯೂಟ್ಯೂಬಿಗೆ ಹಾಕುವ ‘ಜಾನಪದ ಕೊಳಲು’ ವಿಡಿಯೊಗಳಿಗೆ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು. ಹಿಂದೆ ಆಪ್‌ನ ಶ್ರುತಿ, ಮುಂದೆ ಪ್ರತಿಧ್ವನಿ ಬೆರೆಸಿ ನುಣುಪು ಮಾಡಿದ ದನಿ, ನಡುವೆ ಮಲೆಮಾದಪ್ಪನ ಹಾಡಿನ ಮಟ್ಟು. ಕೇಳಲು ಹಿತವಾಗಿದೆ, ನುಡಿಸುವವರಲ್ಲಿ ಶ್ರದ್ಧೆಯೂ ಇದೆ. ಆದರೂ ನಮ್ಮ ಸೀಮೆಯ ಜನಪದ ಕೊಳಲು ಇದೇ ಎಂದರೆ ಒಪ್ಪಲಾರೆ. ಆ ಹೆಸರಿಗೆ ಮೊದಲ ಹಕ್ಕು ಮೈಲಾರಲಿಂಗನ ಭಕ್ತರಾದ ಗೊರವರು ಕುಣಿಯುತ್ತಾ ಊದುವ ಪಿಳ್ಳಂಗೋವಿ ಎಂಬ ಕೊಳಲಿನದು.

ಗೊರವರ ಕುಣಿತ ಕಂಡವರಿಗೆ ಕರಡಿ ಕೂದಲಿನ ಟೊಪ್ಪಿ, ಕರಿಕಂಬಳಿ, ಮೈಲಾರಲಿಂಗನ ಭಂಡಾರ ಯಾವುದನ್ನೂ ವಿವರಿಸಬೇಕಿಲ್ಲ. ನೋಡಬೇಕಾದದ್ದು ಕೈಗಳನ್ನು. ಬಲಗೈಯಲ್ಲಿ ಡಮರುಗ, ಎಡಗೈಯಲ್ಲಿ ಪಿಳ್ಳಂಗೋವಿ. ಕೊಳಲನ್ನು ಹಿಡಿಯುವುದೂ ಎಡಗೈ, ರಂಧ್ರ ಮುಚ್ಚಿ ತೆರೆಯುವುದೂ ಎಡಗೈ. ಒಂದೇ ಕೈಯ ಬೆರಳಿಗೆ ಎಟುಕಿದಷ್ಟೇ ಸ್ವರ. ಉಳಿದದ್ದನ್ನೆಲ್ಲ ಉಸಿರೇ ನಡೆಸಬೇಕು. ಮೆಲ್ಲಗೆ ಊದಿದರೆ ಕೆಳಗಿನ ಸ್ಥಾಯಿ, ಬಿಗಿಹಿಡಿದು ಊದಿದರೆ ಬೆರಳು ಕದಲದೆಯೇ ಮೇಲಿನ ಸ್ಥಾಯಿ. ಇಷ್ಟನ್ನೂ ಕುಣಿಯುತ್ತಲೇ ಮಾಡಬೇಕು. ಹೆಜ್ಜೆ ಬಿರುಸಾದಾಗ ಉಸಿರು ಕಡಿಯುತ್ತದೆ, ಉಸಿರು ಕಡಿದಲ್ಲಿ ಸ್ವರವೂ ನಿಲ್ಲುತ್ತದೆ. ಆ ಬಿಡುವನ್ನು ಡಮರುಗದ ಸದ್ದು, ಗೆಜ್ಜೆಯ ಸದ್ದು ತುಂಬುತ್ತವೆ. ಮಟ್ಟು ತುಂಡುತುಂಡಾಗಿ ಬರುವುದು ಇದರಿಂದ. ಆ ತುಂಡುಗಳ ಉದ್ದವನ್ನು ಕಾಲೇ ಅಳೆದುಕೊಟ್ಟಿರುತ್ತದೆ.

ಹವ್ಯಾಸಿಗಳು ಮಾಡುವುದೇನು? ಎಂಟು ಬೆರಳುರಂಧ್ರದ ಕರ್ನಾಟಕ ಕೊಳಲು ಹಿಡಿದು, ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ನುಡಿಸುತ್ತಾರೆ. ಬಿಡುವಿದ್ದಲ್ಲಿ ಜಾರು, ಗಮಕ ತುಂಬುತ್ತಾರೆ. ತುಂಡುಗಳನ್ನು ಹೊಲಿದು ಒಂದೇ ಎಳೆ ಮಾಡುತ್ತಾರೆ. ಸ್ವರಗಳ ಸಾಲು ಉಳಿಯಿತು, ಕುಣಿತ ಪೂರಾ ಹೋಯಿತು.

ಇದನ್ನು ‘ಸಂಸ್ಕರಣೆ’ ಎಂದು ಮೆಚ್ಚುವ ಸಂಗೀತ ವಿಮರ್ಶಕರ ಮೇಲೆ ನನಗೆ ಹೆಚ್ಚು ಸಿಟ್ಟಿದೆ. ಅವರ ಅಳತೆಗೋಲು ‘ಮಾಲಿ’ ಎಂದೇ ಹೆಸರಾದ ಕರ್ನಾಟಕ ಸಂಗೀತದ ಕೊಳಲುಗಾರ ಟಿ.ಆರ್. ಮಹಾಲಿಂಗಂ. ಮಾಲಿ (1926–1986) ಗಾಯನದ ಗಮಕವನ್ನು ಕೊಳಲಿಗೆ ಇಳಿಸಿದ ಮಹಾನುಭಾವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂತು ರಾಗ ಹಾಡುವ ಕೊಳಲಿನ ನಿಯಮದಿಂದ ಕುಣಿಯುತ್ತಾ ಊದುವವನ ಶ್ರುತಿ ಅಳೆಯುವುದು ಯಾವ ನ್ಯಾಯ? ಒಂಟಿ ಕೈಯ ಕೊಳಲು ಬೇರೆಡೆಯೂ ಇದೆ. ಫ್ರಾನ್ಸಿನ ಪ್ರೊವಾನ್ಸ್‌ನ ಗಲೂಬೆ, ಬಾಸ್ಕ್ ನಾಡಿನ ಚಿಸ್ತು ಎಂಬ ಊದುಕೊಳವೆಗಳಿಗೆ ಮೂರೇ ರಂಧ್ರ. ಒಂದು ಕೈಯಲ್ಲಿ ಅವನ್ನು ನುಡಿಸುತ್ತಾ ಇನ್ನೊಂದರಲ್ಲಿ ಡೋಲು ಬಾರಿಸುತ್ತಾರೆ. ಬಾಸ್ಕ್ ನಾಡಿನ ಸಂಗೀತ ಶಾಲೆಗಳಲ್ಲಿ ಚಿಸ್ತುವಿಗೆ ಪಾಠವೇ ಉಂಟು. ಒಂಟಿ ಕೈಯನ್ನು ಅಲ್ಲಿ ವಿದ್ಯೆಯೆಂದು ಕಲಿಸುತ್ತಾರೆ, ಇಲ್ಲಿ ನಾವು ಕೊರತೆಯೆಂದು ತಿದ್ದುತ್ತೇವೆ.

ಈ ತಪ್ಪಿನಲ್ಲಿ ಜಾನಪದ ವಿದ್ವಾಂಸರೂ ಪಾಲುದಾರರೇ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಮಂಟೇಸ್ವಾಮಿ, ಮಲೆಮಾದೇಶ್ವರ ಎಂಬ ಜನಪದ ಕಾವ್ಯಗಳನ್ನು ಹಾಡುಗಾರರ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದ ಆ ತಲೆಮಾರಿನ ಋಣ ದೊಡ್ಡದು. ಆದರೆ ಅವರ ಕಣ್ಣೆಲ್ಲ ಪಠ್ಯದ ಮೇಲಿತ್ತು. ಪಿಳ್ಳಂಗೋವಿಗೆ ಪಠ್ಯವಿಲ್ಲ. ನಾನು ಓದಿದ ಗೊರವರ ವಿವರಣೆಗಳಲ್ಲಿ ಟೊಪ್ಪಿಗೆ, ಕಂಬಳಿಗೆ, ದೋಣಿ ಎಂಬ ಪಾತ್ರೆಗೆ ಪ್ಯಾರಾಗಟ್ಟಲೆ ಜಾಗವಿದೆ. ಕೊಳಲು ವೇಷದ ಪಟ್ಟಿಯಲ್ಲಿ ಒಂದು ಹೆಸರಾಗಿ ಬಂದು ಹೋಗುತ್ತದೆ. ಯಾವ ಬೆರಳು, ಎಷ್ಟು ರಂಧ್ರ, ಎಲ್ಲಿ ಉಸಿರು ಎಂದು ಕೇಳಿದವರು ವಿರಳ. ಹವ್ಯಾಸಿಗಳು ದಾರಿ ತಪ್ಪಿದ್ದರೆ, ದಾರಿ ತೋರಬೇಕಾದ ಪುಸ್ತಕವೇ ಅವರ ಕೈಯಲ್ಲಿರಲಿಲ್ಲ.

ಪುಸ್ತಕವಿಲ್ಲದಿದ್ದರೂ, ಗೊರವರ ಕುಣಿತವನ್ನು ಜಾತ್ರೆಯಲ್ಲಿ ಮೊಬೈಲ್ ಎತ್ತಿಹಿಡಿದು ಯಾರೋ ತೆಗೆದ ವಿಡಿಯೊಗಳೂ ಅದೇ ಯೂಟ್ಯೂಬಿನಲ್ಲಿವೆ. ಚಿತ್ರ ಅಲುಗುತ್ತದೆ, ಗಾಳಿ ಮೈಕಿಗೆ ಬಡಿಯುತ್ತದೆ, ಜನರ ಮಾತು ಅಡ್ಡ ಬರುತ್ತದೆ. ಆದರೆ ಗೊರವನ ಮುಖ, ಎರಡು ಕೈ, ಪಾದ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಕಲಿಯುವವನಿಗೆ ಬೇಕಾದ್ದು ಇದರಲ್ಲಿದೆ. ನಮ್ಮ ಹವ್ಯಾಸಿಗಳು ಇದನ್ನು ನೋಡಿ, ಎದ್ದು ನಿಂತು, ಬಲಗೈಗೆ ಡಮರುಗ ತೆಗೆದುಕೊಂಡು, ಎಡಗೈ ಒಂದರಲ್ಲೇ ಊದಿ ನೋಡಲಿ. ಸ್ವರ ಒಡೆದರೆ ಒಡೆದ ಹಾಗೆಯೇ ಯೂಟ್ಯೂಬಿಗೆ ಹಾಕಲಿ, ಯಾವ ಊರಿನ ಗೊರವರಿಂದ ಕಲಿತದ್ದು ಎಂದು ಕೆಳಗೆ ಬರೆಯಲಿ.