ನಿನಗೇನು ಇಷ್ಟ? — ಒಂದು ಪ್ರಶ್ನೆಪಟ್ಟಿಯ ವಿಮರ್ಶೆ

ಕತೆ, ಕವನ, ಕಾದಂಬರಿಗಳನ್ನಷ್ಟೇ ವಿಮರ್ಶೆ ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೂ ನಾವು ಕೇಳಬೇಕಾಗಿಲ್ಲ. ಜನರ ಬದುಕನ್ನು ತಿದ್ದಲು ಹೊರಟ ಯಾವ ಬರಹವೂ ನಮಗೆ ಕೃತಿಯೇ. ರೇಷನ್ ಕಾರ್ಡಿನ ಅರ್ಜಿಯೂ ಕೃತಿಯೇ, ಕೋರ್ಟಿನ ಸಮನ್ಸೂ ಕೃತಿಯೇ. ಈ ಸಲ ನಾವು ಎತ್ತಿಕೊಂಡಿರೋದು ಕಾನೂನು ಪದವಿ ಮುಗಿಸಿದ ಹುಡುಗ ಹುಡುಗಿಯರ ಕೈಗೆ ಕೊಡುವ ಪ್ರಶ್ನೆಪಟ್ಟಿಯನ್ನು. ಸ್ವ-ಮೌಲ್ಯಮಾಪನ ಅಂತ ಇದರ ಹೆಸರು. ನಿನಗೇನು ಇಷ್ಟ, ನಿನಗೇನು ಬರುತ್ತದೆ, ನೀನು ಬೆಲೆ ಕೊಡುವುದು ಯಾವುದಕ್ಕೆ, ಜನರ ಜೊತೆ ಕೆಲಸ ಮಾಡಲು ಇಷ್ಟವೋ ಕಾಗದದ ಜೊತೆಗೋ — ಹೀಗೆ ಕೇಳುತ್ತಾ ಹೋಗುತ್ತದೆ. ಕೊನೆಗೆ ಉತ್ತರಗಳನ್ನು ಕೂಡಿಸಿ ನೀನು ಕೋರ್ಟಿಗೆ ಲಾಯಕ್ಕು, ನೀನು ಕಂಪನಿಗೆ ಲಾಯಕ್ಕು, ನೀನು ಪಾಠ ಹೇಳೋಕೆ ಲಾಯಕ್ಕು ಅಂತ ದಾರಿ ತೋರಿಸುತ್ತದೆ.

ಇದನ್ನು ಓದಿ ನಗಬಹುದು. ನಮ್ಮ ಕೇರಿಗಳಲ್ಲಿ ನಿನಗೇನು ಇಷ್ಟ ಅಂತ ಯಾರು ಯಾರನ್ನು ಕೇಳಿದ್ದಾರೆ? ತಮಟೆ ಬಡಿಯೋದು ಇಷ್ಟವೇ ಅಂತ ಕೇಳಿ ತಮಟೆ ಕೊಟ್ಟರೇ? ಸತ್ತ ದನ ಎಳೆಯುವುದು ನಿನ್ನ ಮನೋಧರ್ಮಕ್ಕೆ ಒಗ್ಗುತ್ತದೆಯೇ ಅಂತ ಊರಗೌಡ ಕಾಗದ ಕೊಟ್ಟು ಪೆನ್ನು ಕೊಟ್ಟನೇ? ನಗು ಬರುವುದು ನಿಜ. ಆದರೆ ನಕ್ಕು ಎಸೆಯುವ ಮೊದಲು ಇದನ್ನು ಕೂತು ಓದಬೇಕು ಅನ್ನೋದು ನಮ್ಮ ವಾದ. ಯಾಕೆಂದರೆ ನಮ್ಮವರಿಗೆ ಯಾರೂ ಕೇಳದೇ ಇದ್ದ ಪ್ರಶ್ನೆ ಇದು. ಕೇಳದೇ ಇದ್ದ ಪ್ರಶ್ನೆ ಕೆಟ್ಟ ಪ್ರಶ್ನೆ ಆಗಬೇಕಾಗಿಲ್ಲ.

ಈ ಪಟ್ಟಿಯ ಹುಟ್ಟೂರು ಅಮೆರಿಕದ ಬಾಸ್ಟನ್. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ, ವಲಸೆ ಬಂದ ಬಡವರು ತುಂಬಿದ್ದ ನಾರ್ತ್ ಎಂಡ್ ಬಡಾವಣೆಯಲ್ಲಿ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದ. ಅದೇ ವರ್ಷ ತೀರಿಕೊಂಡ. ಅವನ 'ಚೂಸಿಂಗ್ ಎ ವೊಕೇಶನ್' 1909ರಲ್ಲಿ ಅಚ್ಚಾಯಿತು. ಅವನ ಸೂತ್ರ ಮೂರು ಹೆಜ್ಜೆಯದು. ಮೊದಲು ನಿನ್ನನ್ನು ನೀನು ತಿಳಿ: ನಿನ್ನ ಶಕ್ತಿ, ಆಸಕ್ತಿ, ನಿನ್ನ ಕೈಲಿರುವ ಅನುಕೂಲ, ನಿನ್ನ ಮಿತಿ. ಎರಡನೆಯದು ಕೆಲಸಗಳನ್ನು ತಿಳಿ: ಯಾವ ಕೆಲಸಕ್ಕೆ ಏನು ಬೇಕು, ಎಷ್ಟು ಸಂಬಳ, ಎಷ್ಟು ಅವಕಾಶ. ಮೂರನೆಯದು ಇವೆರಡನ್ನೂ ಪಕ್ಕ ಪಕ್ಕ ಇಟ್ಟು ವಿವೇಕದಿಂದ ತೂಗು. ಸೂತ್ರ ಒಳ್ಳೆಯದೇ. ಬಡವರ ಮಕ್ಕಳು ಸಿಕ್ಕಿದ ಕೂಲಿಗೆ ಬೀಳಬಾರದು, ಆರಿಸಿಕೊಳ್ಳಬೇಕು ಎನ್ನುವ ಕಾಳಜಿ ಅದರಲ್ಲಿದೆ.

ಆದರೆ ಇದೇ ಪಾರ್ಸನ್ಸ್ ಎದುರಿಗೆ ಕೂತ ಹುಡುಗನ ತಲೆಯ ಆಕಾರವನ್ನೂ ನೋಡುತ್ತಿದ್ದ. ಕಿವಿಯ ಮೇಲೆ ಎಷ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಬೆಳೆದಿದೆ ಅಂತ ಗಮನಿಸುತ್ತೇನೆಂದು ತಾನೇ ಬರೆದಿದ್ದಾನೆ. ನಮಗೆ ಇದು ಹೊಸ ಸುದ್ದಿಯಲ್ಲ. ಅವನಿಗಿಂತ ಸುಮಾರು ಎರಡು ದಶಕ ಮೊದಲೇ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಈ ದೇಶದ ಜನರ ಮೂಗು ಅಳೆದು, ಮೂಗಿನ ಅಗಲಕ್ಕೂ ಜಾತಿಯ ಎತ್ತರಕ್ಕೂ ಲೆಕ್ಕ ಹಾಕಿದ್ದ. ಅಳೆಯುವವನ ಕೈಯಲ್ಲಿ ಟೇಪು ಇದ್ದಾಗ ಅಳೆಸಿಕೊಳ್ಳುವವನು ಎಚ್ಚರವಾಗಿರಬೇಕು. ಈಗಿನ ಪಟ್ಟಿಗಳು ತಲೆ ಮುಟ್ಟುವುದಿಲ್ಲ, ನಿಜ. ಆದರೆ ಒಬ್ಬ ಮನುಷ್ಯನನ್ನು ಪಾತ್ರೆಯ ಹಾಗೆ ಅಳೆದು, ಸರಿಯಾದ ಮುಚ್ಚಳ ಹುಡುಕಬಹುದು ಅನ್ನೋ ನಂಬಿಕೆ ಇನ್ನೂ ಉಳಿದಿದೆ.

ಪಾರ್ಸನ್ಸನ ಬದುಕನ್ನೇ ನೋಡಿ. ಎಂಜಿನಿಯರಿಂಗ್ ಓದಿ ರೈಲ್ವೆ ಕೆಲಸಕ್ಕೆ ಸೇರಿದ. 1873ರ ಆರ್ಥಿಕ ಕುಸಿತದಲ್ಲಿ ಆ ಕೆಲಸ ಹೋಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ ಮಾಡಿದ, ಶಾಲೆಯಲ್ಲಿ ಪಾಠ ಹೇಳಿದ, 1881ರಲ್ಲಿ ವಕೀಲಿಕೆಯ ಪರೀಕ್ಷೆ ಪಾಸು ಮಾಡಿದ, ಆಮೇಲೆ ಕಾನೂನಿನ ಮೇಷ್ಟ್ರಾದ. ಅವನ ದಾರಿ ತಿರುಗಿಸಿದ್ದು ಒಳಗಿನ ಇಷ್ಟ ಮಾತ್ರವೇ? ರೈಲು ಕಂಪನಿ ಮುಳುಗದೇ ಇದ್ದಿದ್ದರೆ ಏನಾಗುತ್ತಿತ್ತು? ವೃತ್ತಿ ಮಾರ್ಗದರ್ಶನದ ಪಿತಾಮಹನ ಕತೆಯೇ ಅವನ ಸೂತ್ರದ ಎರಡನೇ ಹೆಜ್ಜೆಗೆ ಸಾಕ್ಷಿ. ಮನುಷ್ಯನ ಒಳಗನ್ನು ನೋಡಿದರೆ ಸಾಲದು, ಹೊರಗಿನ ಬಾಗಿಲನ್ನೂ ನೋಡಬೇಕು.

ಆಮೇಲೆ ಬಂದವರು ಆ ಎರಡನೇ ಹೆಜ್ಜೆಯನ್ನು ಮೆಲ್ಲಗೆ ತೆಳುವು ಮಾಡಿದರು. ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲಿ ಜನರನ್ನೂ ಕೆಲಸಗಳನ್ನೂ ಆರು ಬಗೆ ಮಾಡಿದ: ಕೈಕೆಲಸದವರು, ಶೋಧಿಸುವವರು, ಕಲೆಯವರು, ಜನರ ನಡುವಿನವರು, ಮುಂದಾಳುಗಳು, ಲೆಕ್ಕಪತ್ರದವರು. ಈ ಲೆಕ್ಕದಲ್ಲಿ ವಕೀಲ ಬಹುಮಟ್ಟಿಗೆ ಮುಂದಾಳುಗಳ ಗುಂಪಿಗೆ ಬೀಳುತ್ತಾನೆ. ಮಾತಿನಿಂದ ಒಲಿಸುವವನು, ಗೆಲ್ಲುವವನು. ನಿನ್ನ ಬಗೆಗೂ ಕೆಲಸದ ಬಗೆಗೂ ಹೊಂದಿಕೆಯಾದರೆ ನೀನು ಸುಖಿ ಅಂತ ಸಿದ್ಧಾಂತ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಕೆನ್ ರಾಬರ್ಟ್ಸ್ 1968ರಲ್ಲೇ ಇದಕ್ಕೆ ತಕರಾರು ತೆಗೆದ. ಬಹುಪಾಲು ಹುಡುಗರು ಕೆಲಸ ಆರಿಸಿಕೊಳ್ಳೋದಿಲ್ಲ, ತಮ್ಮ ಮನೆ, ಶಾಲೆ, ಊರು ತೆರೆದಿಟ್ಟ ಅವಕಾಶಗಳಲ್ಲಿ ಸಿಕ್ಕಿದ್ದನ್ನು ಹಿಡಿಯುತ್ತಾರೆ ಅಂದ. ಬಿಳಿಯರ ನಾಡಿನ ಕೂಲಿಕಾರರ ಮಕ್ಕಳನ್ನು ನೋಡಿ ಅವನು ಹೇಳಿದ ಮಾತು ನಮ್ಮ ಕೇರಿಗೆ ಎಷ್ಟು ಪಾಲು ಹೆಚ್ಚು ಸತ್ಯ!

ಈಗ ಪಟ್ಟಿಯ ಭಾಷೆಗೆ ಬರೋಣ. ನಾವು ಪದ್ಯ ಬರೆಯುವವರು, ಸರ್ವನಾಮ ನಮಗೆ ಸಣ್ಣ ವಿಷಯವಲ್ಲ. ಪಟ್ಟಿಯ ಪ್ರತಿ ವಾಕ್ಯವೂ 'ನಾನು' ಅಂತ ಶುರುವಾಗುತ್ತದೆ. ನಾನು ಸವಾಲುಗಳನ್ನು ಇಷ್ಟಪಡುತ್ತೇನೆ. ನಾನು ಒಂಟಿಯಾಗಿ ಕೆಲಸ ಮಾಡಬಲ್ಲೆ. ಈ 'ನಾನು' ಯಾರು? ಇವನಿಗೆ ಮನೆಯ ಸಾಲ ಇಲ್ಲ. ಮದುವೆಗಿರುವ ತಂಗಿ ಇಲ್ಲ. ತಿಂಗಳ ಕೊನೆಗೆ ದುಡ್ಡು ಕಳಿಸು ಅನ್ನುವ ಅವ್ವನ ಫೋನು ಇಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಇವನ ಜಾತಿ ಯಾರೂ ಕೇಳುವುದಿಲ್ಲ. ಮೊದಲ ತಲೆಮಾರಿಗೆ ಪದವಿ ಹಿಡಿದವರ 'ನಾನು' ಹೀಗಿರೋದಿಲ್ಲ. ಅದರೊಳಗೆ ಐದಾರು ಹೊಟ್ಟೆಗಳಿರುತ್ತವೆ. 'ಹಣಕ್ಕಿಂತ ತೃಪ್ತಿ ಮುಖ್ಯ: ಹೌದು ಅಥವಾ ಇಲ್ಲ' ಅಂತ ಕೇಳಿದರೆ ಅವನು ಏನಂತ ಗುರುತು ಹಾಕಬೇಕು? 'ಇಲ್ಲ' ಅಂದರೆ ದುಡ್ಡಿನಾಸೆಯವನು ಅಂತ ಪಟ್ಟಿ ಬರೆದುಕೊಳ್ಳುತ್ತದೆ. ಅವ್ವನ ಔಷಧಿಯನ್ನು ಅದು ಆಸೆಯ ಖಾತೆಗೆ ಹಾಕುತ್ತದೆ.

ಹಾಗಾದರೆ ಹರಿದು ಹಾಕೋಣವೇ? ಬೇಡ. ಇಲ್ಲಿ ನಮಗೆ ಬಾಬಾಸಾಹೇಬರು ಅಡ್ಡ ನಿಲ್ಲುತ್ತಾರೆ. 1936ರ 'ಜಾತಿ ವಿನಾಶ' ಭಾಷಣದಲ್ಲಿ ಅವರು ಜಾತಿಯ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ಇದೇ: ಅದು ಕೆಲಸವನ್ನು ಮಾತ್ರ ಹಂಚಲಿಲ್ಲ, ಕೆಲಸಗಾರರನ್ನೇ ಮೇಲು ಕೀಳು ಅಂತ ಒಡೆಯಿತು, ಹುಟ್ಟುವ ಮೊದಲೇ ಅಪ್ಪನ ಸ್ಥಾನ ನೋಡಿ ಮಗನ ಕೆಲಸ ಗೊತ್ತು ಮಾಡಿತು, ಮನುಷ್ಯನ ಸಹಜ ಶಕ್ತಿಗೂ ಇಷ್ಟಕ್ಕೂ ಅಲ್ಲಿ ಜಾಗವಿಲ್ಲ. ತನ್ನ ವೃತ್ತಿಯನ್ನು ತಾನೇ ಆರಿಸಿ ಕಟ್ಟಿಕೊಳ್ಳುವ ಸಾಮರ್ಥ್ಯ ಪ್ರತಿಯೊಬ್ಬರಲ್ಲೂ ಬೆಳೆಯಬೇಕು ಅಂತ ಅವರು ವಾದಿಸಿದರು. ಅಂದರೆ 'ನಿನಗೇನು ಇಷ್ಟ' ಅನ್ನೋದು ಬಾಸ್ಟನ್ನಿನ ಪ್ರಶ್ನೆ ಮಾತ್ರವಲ್ಲ, ನಮ್ಮ ಚಳವಳಿಯ ಬೇಡಿಕೆಯೂ ಹೌದು. ಪಟ್ಟಿಯ ತಪ್ಪು ಈ ಪ್ರಶ್ನೆ ಕೇಳಿದ್ದಲ್ಲ. ಬಾಗಿಲು ತೆರೆದಿದೆ ಅಂತ ತಿಳಿದು ಕೇಳಿದ್ದು.

ಬಾಬಾಸಾಹೇಬರದೇ ಉದಾಹರಣೆ ಸಾಕು. ಅವರಲ್ಲಿ ಏನು ಕಡಿಮೆಯಿತ್ತು? 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು, ತಲೆ ಇಡಲು ಜಾಗ ಸಿಗಲಿಲ್ಲ, ಪಾರ್ಸಿಗಳ ಛತ್ರದಿಂದಲೂ ಹೊರದಬ್ಬಿದರು. ಮುಂಬಯಿಯಲ್ಲಿ ಹೂಡಿಕೆಯ ಸಲಹೆ ಕೊಡುವ ವ್ಯವಹಾರ ಹೂಡಿದರು, ಜಾತಿ ತಿಳಿದ ಮೇಲೆ ಗಿರಾಕಿಗಳು ಬರಲಿಲ್ಲ. ಬ್ಯಾರಿಸ್ಟರ್ ಆಗಿ 1923ರಲ್ಲಿ ಮುಂಬಯಿಯಲ್ಲಿ ವಕೀಲಿಕೆ ಶುರು ಮಾಡಿದರು, ಸಾಲಿಸಿಟರುಗಳು ಕೇಸು ಕೊಡಲು ಹಿಂಜರಿದರು. 1928ರಲ್ಲಿ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಆರು ಬಗೆಯಲ್ಲಿ ಯಾವ ಬಗೆಯ ಕೊರತೆ ಇದು? ಕೊರತೆ ಅವರದಲ್ಲ, ಗಿರಾಕಿಯದು, ಸಾಲಿಸಿಟರನದು, ಛತ್ರದವರದು. ಅದನ್ನು ಅಳೆಯುವ ಪಟ್ಟಿಯನ್ನು ಯಾರೂ ಮಾಡಿಲ್ಲ.

ಅದು ಹಳೇ ಕಾಲ ಅನ್ನುವವರಿಗೆ ಈ ಕಾಲದ ಲೆಕ್ಕ ಕೊಡುತ್ತೇವೆ. ಸನ್ನದು ಪಡೆಯಲು 1961ರ ವಕೀಲರ ಕಾಯ್ದೆ ಹೇಳುವ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಆದರೆ ರಾಜ್ಯ ರಾಜ್ಯಗಳ ವಕೀಲರ ಪರಿಷತ್ತುಗಳು ಅದೂ ಇದೂ ಸೇರಿಸಿ ಹತ್ತಾರು ಸಾವಿರ ವಸೂಲಿ ಮಾಡುತ್ತಿದ್ದವು. ಇದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಲು 2024ರ ಜುಲೈ ತನಕ ಕಾಯಬೇಕಾಯಿತು. ಸನ್ನದು ಸಿಕ್ಕ ಮೇಲೆ ಹಿರಿಯ ವಕೀಲರ ಕಚೇರಿ. ಅಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಫೈಲು ಹೊರುವ ಕಿರಿಯರಿಗೆ ಊರಲ್ಲಿ ತಿಂಗಳಿಗೆ 15,000, ನಗರದಲ್ಲಿ 20,000 ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಆಜ್ಞೆಯಲ್ಲ. ಕೊಟ್ಟರೆ ಉಂಟು, ಕೊಡದಿದ್ದರೆ ಕಲಿಯೋಕೆ ಬಂದಿದ್ದೀಯಪ್ಪ ಅಂತ ಒಂದು ಮಾತು. ಸೋದರಮಾವನದೇ ಕಚೇರಿ ಇರುವ ಹುಡುಗನೂ, ಊರಿನ ಬಸ್ಸಿಗೆ ಕಾಸು ಎಣಿಸುವ ಹುಡುಗಿಯೂ ಒಂದೇ ಪಟ್ಟಿಯಲ್ಲಿ 'ಕೋರ್ಟ್ ಕೆಲಸ ಇಷ್ಟ' ಅಂತ ಗುರುತು ಹಾಕುತ್ತಾರೆ. ಇಬ್ಬರ ಅಂಕವೂ ಒಂದೇ. ಮೂರು ವರ್ಷದ ಮೇಲೆ ಕೋರ್ಟಿನಲ್ಲಿ ಯಾರು ಉಳಿದಿರುತ್ತಾರೆ?

ಮೂರು ವರ್ಷ ಅಂದದ್ದಕ್ಕೆ ಕಾರಣವಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿಕೆ ಬೇಕು ಅಂತ 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕನ್ನಡಿಗರೇ ಆದ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಅವರ ಆಯೋಗದ ಮಾತು ಕೇಳಿ 2002ರಲ್ಲಿ ಅದನ್ನು ತೆಗೆಯಿತು. 2025ರ ಮೇ 20ರಂದು ಮತ್ತೆ ಹೇರಿತು. ಅನುಭವ ಇಲ್ಲದವರು ತೀರ್ಪು ಕೊಡಬಾರದು ಅನ್ನೋದು ನ್ಯಾಯವಾದ ಮಾತೇ. ಆದರೆ ಆ ಮೂರು ವರ್ಷ ಊಟ ಹಾಕುವವರು ಯಾರು? ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆ ಒಂದು ಆಸರೆ. ಅದು ದಾನವಲ್ಲ, ಹಕ್ಕು. ಪಟ್ಟಿ ಕೊಡುವವರು ಈ ಭತ್ಯೆಯ ಅರ್ಜಿಯನ್ನೂ ಜೊತೆಗೆ ಕೊಡಬೇಕು.

ಇನ್ನು ಮೇಲಿನ ಮೆಟ್ಟಿಲು. 2018ರಿಂದ 2024ರ ಜುಲೈ ತನಕ ನೇಮಕವಾದ 661 ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು 21, ಪರಿಶಿಷ್ಟ ಪಂಗಡದವರು 12, ಹಿಂದುಳಿದವರು 78 ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿತು. ಈ ದೇಶದ ದಲಿತರಿಗೆಲ್ಲ ನ್ಯಾಯ ಹೇಳುವ ಮನೋಧರ್ಮ ಕಡಿಮೆ ಅಂತ ಯಾವ ಪಟ್ಟಿ ಹೇಳಬಲ್ಲದು?

ಪಟ್ಟಿ ಎಣಿಸದೇ ಬಿಟ್ಟ ಕೌಶಲಗಳ ಮಾತನ್ನೂ ಆಡಬೇಕು. ಸಂವಹನ ಕೌಶಲ ಅಂದರೆ ಅದಕ್ಕೆ ಇಂಗ್ಲಿಷು. ಕರ್ನಾಟಕದ ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರು ಹೊಲ, ಹಟ್ಟಿ, ಕಾರ್ಖಾನೆಯ ಕನ್ನಡದಲ್ಲಿ ಹೇಳುತ್ತಾರೆ. ಆ ಕನ್ನಡ ಕೇಳಿಸಿಕೊಳ್ಳುವ ಕಿವಿ ನಮ್ಮ ಹುಡುಗರಿಗಿದೆ. 1978ರ ಪಿಟಿಸಿಎಲ್ ಕಾಯ್ದೆಯನ್ನೇ ತಗೊಳ್ಳಿ. ಸರ್ಕಾರ ದಲಿತರಿಗೆ ಕೊಟ್ಟ ಜಮೀನು ಪರರ ಪಾಲಾದರೆ ಬಿಡಿಸಿಕೊಡುವ ಕಾಯ್ದೆ. ತಡವಾಗಿ ಬಂದಿರಿ ಅಂತ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರ ತಿದ್ದುಪಡಿ ಆ ಕಾಲಮಿತಿ ಇಲ್ಲ ಅಂದಿತು. ಅಸಿಸ್ಟೆಂಟ್ ಕಮಿಷನರ್ ಮುಂದೆ ಆ ಅರ್ಜಿ ನಿಲ್ಲಬೇಕಾದರೆ, ಮಂಜೂರಾತಿ ಚೀಟಿ ಯಾವ ಟ್ರಂಕಿನ ತಳದಲ್ಲಿದೆ, ತಾತ ಯಾರಿಗೆ ಯಾವ ಬರದ ವರ್ಷ ಹೆಬ್ಬೆಟ್ಟು ಒತ್ತಿದ ಅಂತ ಮುದುಕಿಯ ಬಾಯಿಂದ ಹೊರಡಿಸಬೇಕು. ಇದು ಕೌಶಲ ಅಲ್ಲವೇ? ಯಾವ ಕಾಲಂನಲ್ಲಿ ಬರೆಯೋದು ಇದನ್ನ?

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು ಹೇಳದೇ ಹೋದರೆ ಈ ವಿಮರ್ಶೆ ಅರ್ಧವಾಗುತ್ತದೆ. ನಮ್ಮಲ್ಲಿ ಒಬ್ಬಳು ಲಾಯರಾದ ಕೂಡಲೇ ಸಮುದಾಯ ಅವಳ ಜಾತಕ ಬರೆಯುತ್ತದೆ. ದೌರ್ಜನ್ಯದ ಕೇಸು ಹಿಡಿ, ಸಂಘಟನೆಗೆ ಬಾ, ದುಡ್ಡು ಕೇಳಬೇಡ. ಬೂಸಾ ಮಾತಿನ ಬಸವಲಿಂಗಪ್ಪ ಲಾಯರು. 1972ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರರೂ ಲಾಯರು. ಕಾನೂನು ಓದಿದವರು ಈ ನಾಡಿಗೆ ಏನು ಮಾಡಬಲ್ಲರು ಅನ್ನೋದಕ್ಕೆ ಅವರು ಸಾಕ್ಷಿ. ಆದರೆ ಅವರ ದಾರಿಯೇ ಎಲ್ಲರ ಹಣೆಬರಹ ಆಗಬಾರದು. ತೆರಿಗೆ ಕಾನೂನು ಇಷ್ಟ, ಹಡಗಿನ ಕಾನೂನು ಇಷ್ಟ, ಕಂಪನಿ ಕರಾರು ಬರೆಯೋದು ಇಷ್ಟ ಅನ್ನುವ ದಲಿತ ಹುಡುಗಿಯನ್ನು ದ್ರೋಹಿ ಅನ್ನುವ ಹಕ್ಕು ನಮಗ್ಯಾರು ಕೊಟ್ಟರು? ಅಪ್ಪನ ಕೆಲಸವೇ ಮಗನಿಗೆ ಅಂದ ವ್ಯವಸ್ಥೆಯನ್ನು ಮುರಿಯಲು ಬಂದವರು, ಕೇರಿಯ ಕೆಲಸವೇ ಕೇರಿಯ ಮಗಳಿಗೆ ಅನ್ನಬಾರದು. ಅವಳು ಬಂದರೆ ಸಂತೋಷ. ಬರುವುದು ಅವಳ ಆಯ್ಕೆಯಾಗಿರಲಿ, ಋಣವಾಗಿರದೇ ಇರಲಿ.

ಆದ್ದರಿಂದ ಕಾನೂನು ಕಾಲೇಜುಗಳಲ್ಲಿರುವ ಗೆಳೆಯರಿಗೆ ನಮ್ಮ ಸಲಹೆ ಇಷ್ಟೆ. ಪಟ್ಟಿ ಕೊಟ್ಟರೆ ಈಸಿಕೊಳ್ಳಿ. ಪ್ರಾಮಾಣಿಕವಾಗಿ ತುಂಬಿ, ನಿಮ್ಮ ಇಷ್ಟವನ್ನು ಹೇಳಲು ನಾಚಬೇಡಿ. ಅಂಕವನ್ನು ಮಾತ್ರ ತೀರ್ಪು ಅಂತ ತಿಳಿಯಬೇಡಿ, ಅದನ್ನು ಅರ್ಜಿ ಅಂತ ತಿಳಿಯಿರಿ. ಹಾಳೆ ತಿರುಗಿಸಿ ಹಿಂದೆ ಇನ್ನೊಂದು ಪಟ್ಟಿ ಬರೆಯಿರಿ: ಈ ಕೆಲಸಕ್ಕೆ ಹೋಗಲು ಮೊದಲ ಮೂರು ವರ್ಷ ತಿಂಗಳಿಗೆ ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ, ಆ ಬಾಗಿಲಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ, ಮುಚ್ಚಿದ್ದರೆ ಮುಚ್ಚಿದವರು ಯಾರು. ಈ ಎರಡನೇ ಪಟ್ಟಿಯನ್ನು ಒಬ್ಬರೇ ಕೂತು ತುಂಬಬೇಡಿ. ಹಾಸ್ಟೆಲಿನ ಒಂದು ರೂಮಿನಲ್ಲಿ ಹತ್ತು ಜನ ಸೇರಿ ತುಂಬಿ, ಮುಂದಿನ ವರ್ಷದವರಿಗೆ ಕೈ ದಾಟಿಸಿ. ಒಬ್ಬ ಹುಡುಗನ ಕೊರತೆ ಅಂತ ಕಂಡದ್ದು ಹತ್ತು ಹಾಳೆಯಲ್ಲೂ ಅದೇ ಸಾಲಿನಲ್ಲಿ ಬಂದಿದ್ದರೆ ಅದು ಕೊರತೆಯಲ್ಲ, ಮೊಕದ್ದಮೆ. ಅದನ್ನು ನಡೆಸೋಕೆ ನಮಗೆ ವಕೀಲರು ಬೇಕು.