ಎರಿಕ್ ಗಿಲ್ ಮತ್ತು ಹಿಂದೂ ದೇವಾಲಯ ಶಿಲ್ಪ

1910ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಸರ್ ಜಾರ್ಜ್ ಬರ್ಡ್‌ವುಡ್ ಭಾರತಕ್ಕೆ ಲಲಿತಕಲೆಯೇ ಇಲ್ಲವೆಂದು ಸಾರಿ, ಬುದ್ಧವಿಗ್ರಹವೊಂದನ್ನು ಬೇಯಿಸಿದ ಕಡುಬಿಗೆ ಹೋಲಿಸಿದನು. ಅದೇ ವರ್ಷ ಹ್ಯಾವೆಲ್, ಆನಂದ ಕುಮಾರಸ್ವಾಮಿ, ರೋಥೆನ್‌ಸ್ಟೈನ್ ಮೊದಲಾದವರು ಕೂಡಿ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಈ ವಿವಾದದ ದಿನಗಳಲ್ಲಿಯೇ ಎರಿಕ್ ಗಿಲ್ (1882–1940) ಎಂಬ ಆಂಗ್ಲ ಅಕ್ಷರಕೆತ್ತನೆಗಾರನು ಶಿಲ್ಪಿಯಾಗಿ ಪರಿಣಮಿಸಿದನು.

ಗಿಲ್ ಭಾರತಕ್ಕೆ ಬಂದವನಲ್ಲ. ನಮ್ಮ ದೇವಾಲಯಗಳನ್ನು ಆತನು ಕಂಡದ್ದು ಛಾಯಾಚಿತ್ರಗಳಲ್ಲಿ. ಕುಮಾರಸ್ವಾಮಿಯವರ ‘ವಿಶ್ವಕರ್ಮ’ ಚಿತ್ರಸಂಪುಟಕ್ಕೆ (1914) ಮುನ್ನುಡಿ ಬರೆದವನೂ ಆತನೇ. ಅಂದಿನ ಯೂರೋಪಿನಲ್ಲಿ ಶಿಲ್ಪಿಯು ಜೇಡಿಮಣ್ಣಿನಲ್ಲಿ ರೂಪಿಸಿದುದನ್ನು ಕೂಲಿಯ ಕೆತ್ತನೆಗಾರರು ಅಳತೆ ಹಿಡಿದು ಕಲ್ಲಿಗಿಳಿಸುವುದು ವಾಡಿಕೆಯಾಗಿದ್ದಿತು. ಗಿಲ್ ತಾನೇ ಉಳಿ ಹಿಡಿದನು. ಕಲ್ಲಿನ ಕೃತಿಯನ್ನು ಕಲ್ಲಿನಲ್ಲಿಯೇ ಭಾವಿಸಬೇಕೆಂಬ ಆತನ ನಿಲುವಿಗೆ ಭಾರತೀಯ ಶಿಲ್ಪವು ಬಲವಾದ ಸಮರ್ಥನೆಯನ್ನೊದಗಿಸಿತು.

ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ‘ಎಕ್ಸ್‌ಟಸಿ’ (1910–11) ಎಂಬ ಉಬ್ಬುಶಿಲ್ಪದಲ್ಲಿ ನಮ್ಮ ಮಿಥುನಶಿಲ್ಪಗಳ ಪ್ರಭಾವವು ಸುವ್ಯಕ್ತವಾಗಿದೆ. ಆದರೂ ಇದನ್ನು ಖಜುರಾಹೊ, ಕೋಣಾರ್ಕಗಳ ಸಾಲಿಗೆ ಸೇರಿಸಲು ನಾವು ಒಪ್ಪಲಾರೆವು. ಅಲ್ಲಿನ ಮಿಥುನಗಳು ಭಿತ್ತಿಯ ಅಂಗಗಳು: ದೇವತೆ, ವ್ಯಾಲ, ಬಳ್ಳಿಗಳ ನಡುವೆ, ಸ್ತಂಭಿಕೆಗಳ ಲಯಕ್ಕೆ ಒಳಪಟ್ಟು ನಿಂತವು. ಗಿಲ್ಲನ ಜೋಡಿಗೆ ಗೋಡೆಯಿಲ್ಲ, ಗರ್ಭಗೃಹವಿಲ್ಲ. ಗೋಡೆಯನ್ನು ಕಳೆದುಕೊಂಡ ಮಿಥುನವು ಕೇವಲ ಇಬ್ಬರು ವ್ಯಕ್ತಿಗಳ ಖಾಸಗಿ ಸಂಗತಿಯಾಗುತ್ತದೆ. ಆತನು ತನ್ನ ಹೆಣ್ಣುಮಕ್ಕಳ ಮೇಲೆಯೇ ಎಸಗಿದ ಲೈಂಗಿಕ ದೌರ್ಜನ್ಯವು 1989ರ ಜೀವನಚರಿತ್ರೆಯಿಂದ ಬಯಲಾದ ಮೇಲಂತೂ, ಈ ಕೃತಿಯನ್ನು ದಿವ್ಯಪ್ರೇಮವೆಂದು ಹೊಗಳುವವರು ಎರಡು ಸಲ ಯೋಚಿಸಬೇಕಾಗಿದೆ.

ಪ್ರಾಚೀನ ಭಾರತದ ಶಿಲ್ಪಿಯನ್ನು ಹೆಸರಿನ ಹಂಗಿಲ್ಲದ ಕಸಬುದಾರನೆಂದು ಆದರ್ಶೀಕರಿಸುವುದು ಕುಮಾರಸ್ವಾಮಿಯವರ ಪಂಥದ ರೂಢಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆಂಬುದನ್ನು ಈ ಪಂಥದವರು ಗಮನಿಸಬೇಕಿತ್ತು.

ಗೋಡೆಯ ಕೊರತೆಯನ್ನು ಗಿಲ್ ಅರಿಯದವನಲ್ಲ. 1910ರಲ್ಲಿ ಎಪ್‌ಸ್ಟೈನನೊಡನೆ ಸಸೆಕ್ಸ್‌ನಲ್ಲಿ ಬೃಹತ್ ಶಿಲಾಮೂರ್ತಿಗಳ ಒಂದು ದೇಗುಲವನ್ನೇ ಕಟ್ಟುವ ಹಂಚಿಕೆ ಹಾಕಿದ್ದನು, ಅದು ಕೈಗೂಡಲಿಲ್ಲ. 1913ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ ಬಳಿಕ, ವೆಸ್ಟ್‌ಮಿನ್‌ಸ್ಟರ್ ಕ್ಯಾಥೊಲಿಕ್ ಪ್ರಧಾನ ಇಗರ್ಜಿಗಾಗಿ ಕ್ರಿಸ್ತನ ಶಿಲುಬೆಯ ಹಾದಿಯ 14 ಫಲಕಗಳನ್ನು ಕೆತ್ತಿದನು (1914–18). ಅವುಗಳಲ್ಲಿ ಹಿಂದೂ ಆಕೃತಿ ಒಂದೂ ಇಲ್ಲ. ಆದರೆ ಅಲ್ಲಿ ಕಥೆಯಿದೆ, ಕಥೆಯನ್ನು ಬಲ್ಲ ಭಕ್ತರಿದ್ದಾರೆ, ಶಿಲ್ಪವನ್ನು ಹೊತ್ತ ಕಂಬಗಳಿವೆ. ನಮ್ಮ ದೇವಾಲಯಗಳಿಂದ ಆತನು ನಿಜವಾಗಿ ಕಲಿತದ್ದನ್ನು ಅರಸುವವರು ‘ಎಕ್ಸ್‌ಟಸಿ’ಯನ್ನು ಬಿಟ್ಟು ಈ ಫಲಕಗಳ ಎದುರು ನಿಲ್ಲುವುದು ಲೇಸು.